ಮೊದಲ ಮಗುವಿಗೆ ಹಾಲು ಸಾಲಲಿಲ್ಲ, ಎರಡನೆಯದಕ್ಕೂ ಹಾಗೇ ಆಗುತ್ತಾ?

ಪ್ರಶ್ನೆ: ಮೊದಲ ಮಗುವಿಗೆ ಎದೆಹಾಲು ಕುಡಿಸಲು ತುಂಬಾ ಒದ್ದಾಡಿದೆ. ತೊಟ್ಟು ಒಡೆದು ರಕ್ತ ಬರುತ್ತಿತ್ತು, ಮಗುವಿನ ತೂಕ ಏರಲಿಲ್ಲ, ಕೊನೆಗೆ ಪೂರ್ತಿ ಡಬ್ಬಿ ಹಾಲಿಗೆ ಬಂದೆವು. ಈಗ ಮತ್ತೆ ಬಸುರಿ, ಏಳು ತಿಂಗಳು. ನನಗೆ ಹಾಲು ಬರುವುದೇ ಇಲ್ಲವೇನೋ ಅನ್ನಿಸುತ್ತದೆ. ಈ ಸಲ ಪ್ರಯತ್ನ ಮಾಡಬೇಕಾ, ಬಿಟ್ಟುಬಿಡಲಾ?

ಮನಸ್ಸಿದ್ದರೆ ಖಂಡಿತ ಪ್ರಯತ್ನ ಮಾಡಿ. ಸಮಾಧಾನಕ್ಕೆ ಹೇಳುತ್ತಿರುವ ಮಾತಲ್ಲ ಇದು. 2001ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಸಣ್ಣ ಅಧ್ಯಯನ ಬಂದಿತ್ತು. 22 ತಾಯಂದಿರಿಗೆ ಮೊದಲ ಮಗು ಹುಟ್ಟಿದಾಗ ಎಷ್ಟು ಹಾಲಿತ್ತು, ಎರಡನೆಯದು ಹುಟ್ಟಿದಾಗ ಎಷ್ಟಿತ್ತು ಅಂತ ಅಳೆದು ನೋಡಿದ್ದರು. ಮೊದಲ ವಾರದಲ್ಲಿ ಎರಡನೆಯ ಮಗುವಿಗೆ ಸರಾಸರಿ 31% ಜಾಸ್ತಿ ಹಾಲು ಸಿಕ್ಕಿತ್ತು. ಅದಕ್ಕಿಂತ ನಿಮಗೆ ಬೇಕಾದ ವಿಷಯ ಇನ್ನೊಂದಿದೆ: ಮೊದಲ ಸಲ ಯಾರಿಗೆ ತೀರಾ ಕಡಿಮೆ ಇತ್ತೋ, ಅವರಲ್ಲೇ ಹೆಚ್ಚಳ ಎಲ್ಲರಿಗಿಂತ ದೊಡ್ಡದು. 22 ಜನರ ಲೆಕ್ಕ ದೊಡ್ಡದೇನಲ್ಲ, ನಿಜ. ಆದರೆ ಎರಡನೆಯ ಹೆರಿಗೆಯಲ್ಲಿ ಎದೆಗೆ ಹಾಲು ಬೇಗ ಇಳಿಯುತ್ತದೆ ಅನ್ನುವುದು ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡುವವರು ದಿನಾ ನೋಡುವ ಸಂಗತಿಯೇ.

ಆದರೂ ಬರೀ ಧೈರ್ಯ ನೆಚ್ಚಿಕೊಂಡರೆ ಸಾಲದು. ಮೊದಲ ಸಲ ನಿಜವಾಗಿ ಏನು ಕೆಟ್ಟಿತು ಅಂತ ಈಗಲೇ, ಹೆರಿಗೆಗೆ ಮುಂಚೆಯೇ, ಹುಡುಕಬೇಕು. "ಹಾಲು ಸಾಲಲಿಲ್ಲ" ಅನ್ನುವುದು ಕಾರಣವಲ್ಲ, ಅದು ಫಲಿತಾಂಶ. ಅದರ ಹಿಂದೆ ಬೇರೆ ಬೇರೆ ಕಥೆ ಇರಬಹುದು.

ನಿಮ್ಮ ಪ್ರಶ್ನೆಯಲ್ಲೇ ಒಂದು ಸುಳಿವಿದೆ ನೋಡಿ. ತೊಟ್ಟು ಒಡೆದಿತ್ತು, ತೂಕ ಏರಲಿಲ್ಲ. ಇವೆರಡೂ ಜೊತೆಯಾಗಿ ಬಂದರೆ ಮೊದಲು ಅನುಮಾನ ಪಡಬೇಕಾದ್ದು ಮಗು ಮೊಲೆ ಹಿಡಿದ ರೀತಿಯನ್ನು. ತೊಟ್ಟನ್ನಷ್ಟೇ ಕಚ್ಚಿಕೊಂಡರೆ ತಾಯಿಗೆ ನೋವು, ಮಗುವಿಗೆ ಹಾಲಿಲ್ಲ. ಮತ್ತೆ ಎದೆ ಎಷ್ಟು ಖಾಲಿಯಾಗುತ್ತದೋ ಅಷ್ಟೇ ಹಾಲು ತಯಾರಾಗುವುದು. ಒಳಗೆ ಹಾಲು ಉಳಿದುಬಿಟ್ಟರೆ ಮುಂದಿನ ತಯಾರಿ ನಿಧಾನವಾಗುತ್ತದೆ. ಅಂದರೆ ಹಿಡಿತದ ತೊಂದರೆಯೇ ಎರಡು ಮೂರು ವಾರದಲ್ಲಿ ನಿಜವಾಗಿಯೂ ಹಾಲು ಕಡಿಮೆಯಾಗುವ ತೊಂದರೆಯಾಗಿ ಕೂರುತ್ತದೆ, ಆಮೇಲೆ ಮನೆಯವರೆಲ್ಲ "ಅವಳಿಗೆ ಹಾಲೇ ಇಲ್ಲ" ಅಂತ ತೀರ್ಮಾನ ಮಾಡಿಬಿಡುತ್ತಾರೆ. ಕೆಲವು ಮಕ್ಕಳಿಗೆ ನಾಲಗೆಯ ಅಡಿಯ ಪೊರೆ ಗಿಡ್ಡವಾಗಿರುತ್ತದೆ, ಟಂಗ್ ಟೈ ಅಂತಾರೆ. ಆಗ ಹಿಡಿತ ಕಷ್ಟ. ಈ ಸಲದ ಮಗುವಿನ ಬಾಯಿ ಬೇರೆ, ಅದೂ ನೆನಪಿರಲಿ.

ಇನ್ನು ಕೆಲವರಿಗೆ ಹಾಲು ತಡವಾಗಿ ಇಳಿಯುತ್ತದೆ. ಮಾಸು ಹೊರಬಂದ ಮೇಲೆ ಮೈಯಲ್ಲಿ ಪ್ರೊಜೆಸ್ಟರಾನ್ ಅನ್ನುವ ಬಸಿರಿನ ಹಾರ್ಮೋನು ಕಡಿಮೆಯಾಗುತ್ತದೆ, ಆಗಲೇ ಹಾಲಿನ ತಯಾರಿ ಜೋರಾಗುವುದು. ಸಾಮಾನ್ಯವಾಗಿ ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ. ಸಿಸೇರಿಯನ್, ತುಂಬಾ ಹೊತ್ತು ನಡೆದ ಹೆರಿಗೆ, ಸಕ್ಕರೆ ಕಾಯಿಲೆ, ಜಾಸ್ತಿ ರಕ್ತಸ್ರಾವ ಇದ್ದರೆ ಇದು 72 ಗಂಟೆ ದಾಟಬಹುದು. ಮಾಸಿನ ಚೂರು ಒಳಗೇ ಉಳಿದಿದ್ದರೂ ಹಾಗೇ. ಚೊಚ್ಚಲ ಹೆರಿಗೆಯಲ್ಲಂತೂ ತಡವಾಗುವುದು ಇನ್ನೂ ಹೆಚ್ಚು.

ಮೈಯಲ್ಲೇ ಕಾರಣ ಇರುವವರೂ ಇದ್ದಾರೆ, ಕಡಿಮೆ ಅಷ್ಟೇ. ಥೈರಾಯ್ಡ್, ಪಿಸಿಓಎಸ್ (ಮುಟ್ಟು ಏರುಪೇರಾಗಿಸುವ ಹಾರ್ಮೋನಿನ ತೊಂದರೆ), ಹಿಂದೆ ಆದ ಸ್ತನದ ಆಪರೇಷನ್, ಹಾಲು ಮಾಡುವ ಗ್ರಂಥಿಯೇ ಸರಿಯಾಗಿ ಬೆಳೆಯದಿರುವುದು. ಬಸಿರಿನಲ್ಲಿ ಎದೆ ಸ್ವಲ್ಪವೂ ದಪ್ಪಗಾಗಲಿಲ್ಲ, ಹೆರಿಗೆಯಾದ ಮೇಲೂ ತುಂಬಿಕೊಳ್ಳಲಿಲ್ಲ ಅಂದರೆ ಡಾಕ್ಟರಿಗೆ ಇದನ್ನು ಬಾಯಿಬಿಟ್ಟು ಹೇಳಿ. ಅವರಾಗಿಯೇ ಕೇಳುವುದು ಅಪರೂಪ. ಥೈರಾಯ್ಡ್ ಒಂದು ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಮಾತ್ರೆಯೂ ಇದೆ. ಮೊದಲ ಹೆರಿಗೆಯ ಡಿಸ್ಚಾರ್ಜ್ ಸಮ್ಮರಿ ಇದ್ದರೆ ಮುಂದಿನ ಚೆಕಪ್ಪಿಗೆ ಅದನ್ನೂ ಒಯ್ಯಿರಿ.

ಹೆರಿಗೆಗೆ ಮುಂಚೆ ಕಲಿಯಬಹುದಾದ ಒಂದು ಕೆಲಸ ಕೈಯಿಂದ ಹಾಲು ಹಿಂಡುವುದು. 36–37 ವಾರ ತುಂಬಿದ ಮೇಲೆ ಡಾಕ್ಟರು ಒಪ್ಪಿದರೆ ಶುರು ಮಾಡಬಹುದು. ಅವಧಿಗೆ ಮುಂಚೆ ನೋವು ಬರುವ ಭಯ ಇದ್ದವರಿಗೆ, ರಕ್ತ ಕಾಣಿಸಿಕೊಂಡವರಿಗೆ ಇದು ಬೇಡ. ನಾಲ್ಕು ಹನಿ ಬಂದರೆ ಸಂತೋಷ, ಬರದಿದ್ದರೂ ಪರವಾಗಿಲ್ಲ. ಕೈಗೆ ಅಭ್ಯಾಸ ಆಗಬೇಕು, ಅಷ್ಟೇ. ಮೊದಲ ದಿನಗಳ ಗಿಣ್ಣದಂಥ ಮಂದ ಹಾಲನ್ನು ತೆಗೆಯಲು ಪಂಪ್‌ಗಿಂತ ಕೈಯೇ ವಾಸಿ. ಪಂಪ್‌ನಲ್ಲಿ ಅದು ಬಾಟಲಿಯ ಗೋಡೆಗೇ ಅಂಟಿಕೊಂಡು ಮುಗಿದುಹೋಗುತ್ತದೆ.

ಹೆರಿಗೆಯಾದ ಮೇಲಿನ ಮೊದಲ ಮೂರು ದಿನಕ್ಕೆ ನಿಮ್ಮ ಶಕ್ತಿಯೆಲ್ಲ ಮೀಸಲಿಡಿ. ಮೊದಲ ಗಂಟೆಯೊಳಗೆ ಮಗುವನ್ನು ಎದೆಗೆ ಹಾಕಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಿಸೇರಿಯನ್ ಆದರೂ ಇಬ್ಬರೂ ಚೆನ್ನಾಗಿದ್ದರೆ ಇದು ಸಾಧ್ಯ, ಮೊದಲೇ ಕೇಳಿಟ್ಟುಕೊಳ್ಳಬೇಕು. ದಿನಕ್ಕೆ 8ರಿಂದ 12 ಸಲ ಕುಡಿಸಬೇಕು. ಗಡಿಯಾರ ನೋಡಿಕೊಂಡು ಮೂರು ಗಂಟೆಗೊಮ್ಮೆ ಮಾತ್ರ ಅಂತ ಕೂತರೆ ಕೆಟ್ಟಿತು. ಮಗುವಿನ ಮೂಗು ತೊಟ್ಟಿನ ಎದುರಿಗಿರಲಿ, ಬಾಯಿ ಆಕಳಿಸಿದಷ್ಟು ಅಗಲವಾಗಿ ತೆರೆಯುವವರೆಗೆ ಕಾಯಿರಿ, ಆಮೇಲೆ ಮಗುವನ್ನು ಎದೆಯ ಹತ್ತಿರ ತನ್ನಿ, ಎದೆಯನ್ನು ಮಗುವಿನ ಬಾಯಿಗೆ ತುರುಕಬೇಡಿ. ಮಗುವಿನ ಗದ್ದ ಎದೆಗೆ ಒತ್ತಿಕೊಂಡಿರಬೇಕು. ಮಗು ಬಿಟ್ಟ ಮೇಲೆ ತೊಟ್ಟು ಚಪ್ಪಟೆಯಾಗಿ ಅಥವಾ ಓರೆಯಾಗಿ ಕಂಡರೆ ಹಿಡಿತ ಸರಿಯಿಲ್ಲ. ಮೊದಲ ಕೆಲವು ಸೆಕೆಂಡು ಚುರುಕ್ಕೆನ್ನುವುದು ಸಹಜ, ಕುಡಿಯುವಷ್ಟು ಹೊತ್ತೂ ನೋವು ಅಂದರೆ ಸಹಜವಲ್ಲ. "ಆರಂಭದಲ್ಲಿ ಎಲ್ಲರಿಗೂ ನೋವು, ಸಹಿಸಿಕೋ" ಅಂತ ಯಾರು ಹೇಳಿದರೂ ಕೇಳಬೇಡಿ. ಆ ಮಾತು ಎಷ್ಟು ತಾಯಂದಿರನ್ನು ಹಾಳು ಮಾಡಿದೆಯೋ! ಆಸ್ಪತ್ರೆಯಲ್ಲಿರುವಾಗಲೇ ನರ್ಸನ್ನೋ, ಹಾಲುಣಿಸುವುದನ್ನು ಹೇಳಿಕೊಡುವ ಲ್ಯಾಕ್ಟೇಶನ್ ಕನ್ಸಲ್ಟೆಂಟನ್ನೋ ಕರೆದು, ಒಂದು ಸಲ ಪೂರ್ತಿ ಕುಡಿಸುವವರೆಗೆ ಪಕ್ಕದಲ್ಲೇ ಕೂತು ನೋಡಿ ಅಂತ ಹೇಳಿ.

ಅಂದಹಾಗೆ, ಎರಡನೆಯ ಸಲ ಕುಡಿಸುವಾಗ ಹೊಟ್ಟೆ ನುಲಿಯುವುದು ಜಾಸ್ತಿ. ಹಾಲು ಇಳಿಸುವ ಆಕ್ಸಿಟೋಸಿನ್ ಹಾರ್ಮೋನೇ ಗರ್ಭಕೋಶವನ್ನೂ ಹಿಂಡುತ್ತದೆ. ಗಾಬರಿ ಬೇಡ, ಕೆಲವೇ ದಿನ. ತಡೆಯಲಾಗದಿದ್ದರೆ ಹಾಲುಣಿಸುವವರು ತೆಗೆದುಕೊಳ್ಳಬಹುದಾದ ನೋವಿನ ಮಾತ್ರೆ ಕೇಳಿ.

ಹಾಲು ಸಾಲುತ್ತಿದೆಯಾ ಅಂತ ಎದೆ ಮುಟ್ಟಿ ನೋಡಿದರೆ ಗೊತ್ತಾಗುವುದಿಲ್ಲ. ಮಗು ಸಂಜೆ ಹೊತ್ತು ಬಿಡದೆ ಕುಡಿಯುವುದೂ, ಕೆಲವು ವಾರಗಳಾದ ಮೇಲೆ ಎದೆ ಮೆತ್ತಗಾಗುವುದೂ ಹಾಲು ಬತ್ತಿದ ಗುರುತಲ್ಲ. ಡೈಪರ್ ನೋಡಿ. ಐದನೆಯ ದಿನದಿಂದ ದಿನಕ್ಕೆ ಆರು ಸಲವಾದರೂ ಚೆನ್ನಾಗಿ ಉಚ್ಚೆ ಹೊಯ್ಯಬೇಕು, ಕಪ್ಪು ಮಲ ಹೋಗಿ ಹಳದಿಗೆ ತಿರುಗಿರಬೇಕು. ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿಯುತ್ತದೆ, ಎರಡು ವಾರದೊಳಗೆ ಹುಟ್ಟಿದಾಗಿನ ತೂಕಕ್ಕೆ ಮರಳಬೇಕು. 10%ಕ್ಕಿಂತ ಜಾಸ್ತಿ ಇಳಿದರೆ, ಮಗು ಎಬ್ಬಿಸಿದರೂ ಏಳದೆ ಕುಡಿಯದೆ ಮಲಗಿದ್ದರೆ, ಮೈ ಹಳದಿಯಾಗುತ್ತಿದ್ದರೆ, ಡೈಪರ್ ಒಣಗೇ ಇದ್ದರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ. ಮಾರನೆಯ ದಿನ ಬೇಡ.

ಇಷ್ಟೆಲ್ಲ ಮಾಡಿಯೂ ಪೂರ್ತಿ ಸಾಲದಿದ್ದರೆ? ಎಲ್ಲವೂ ಅಥವಾ ಏನೂ ಇಲ್ಲ ಅನ್ನುವ ಹಟ ಯಾಕೆ? ಎದೆಹಾಲು ಕೊಟ್ಟು, ಕಡಿಮೆ ಬಿದ್ದಷ್ಟನ್ನು ಹಿಂಡಿದ ಹಾಲಿನಿಂದಲೋ ಫಾರ್ಮುಲಾದಿಂದಲೋ ತುಂಬಿಸಬಹುದು. ಎಷ್ಟು ಅಂತ ತೂಕ ನೋಡಿ ಡಾಕ್ಟರು ಹೇಳಲಿ. ಮೇಲು ಹಾಲು ಕೊಟ್ಟ ಪ್ರತಿ ಸಲವೂ ಎದೆಯನ್ನು ಹಿಂಡಿ ಖಾಲಿ ಮಾಡಿದರೆ ಇರುವ ಹಾಲಾದರೂ ಕಡಿಮೆಯಾಗದೆ ಉಳಿಯುತ್ತದೆ. ಹಿಂಡುವುದೇ ಹಿಂಸೆಯಾಗಿ, ರಾತ್ರಿ ಮಗು ಮಲಗಿದರೂ ನಿಮಗೆ ನಿದ್ದೆ ಬರದೆ, ಯಾವಾಗಲೂ ಅಳು ಬರುವಂತಾದರೆ ಅದನ್ನೂ ಡಾಕ್ಟರಿಗೆ ಹೇಳಿ, ಪಂಪನ್ನು ಪಕ್ಕಕ್ಕಿಡಿ. ಎಷ್ಟು ದಿನ, ಎಷ್ಟು ಹಾಲು ಅನ್ನುವುದನ್ನು ನಿರ್ಧರಿಸುವವರು ನೀವು, ಮಗು ನೋಡಲು ಬಂದವರಲ್ಲ.