ರಿಪೇರಿಗೆ ಬರುವಾಗ ರಿಮೋಟ್ ಕೂಡ ತನ್ನಿ

ಡಿವಿಡಿ ಪ್ಲೇಯರ್ ರಿಪೇರಿಗೆ ತರುವವರನ್ನು ನಾನು ಕೇಳಿಕೊಳ್ಳುವುದು ಒಂದೇ. ರಿಮೋಟ್ ಕೂಡ ತನ್ನಿ. ಎಷ್ಟು ಸಲ ಹೇಳಿದರೂ ಜನ ಪ್ಲೇಯರ್ ಮಾತ್ರ ಚೀಲಕ್ಕೆ ಹಾಕಿಕೊಂಡು ಬರುತ್ತಾರೆ. "ಕೆಟ್ಟಿರೋದು ಇದು ಅಲ್ವಾ, ರಿಮೋಟ್ ಚೆನ್ನಾಗೇ ಇದೆ" ಅನ್ನುತ್ತಾರೆ.

ಪ್ಲೇಯರಿನ ಮುಂಭಾಗ ಒಮ್ಮೆ ನೋಡಿ. ಪವರ್, ಟ್ರೇ ತೆರೆಯುವ ಬಟನ್, ಪ್ಲೇ, ಸ್ಟಾಪ್. ಕೆಲವದರಲ್ಲಿ ಪೆನ್‌ಡ್ರೈವ್, ಮೈಕ್ ಚುಚ್ಚಲು ಜಾಗ. ಹೆಚ್ಚಿನವದರಲ್ಲಿ ಅಷ್ಟೇ. 1982ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಸೋನಿ ಸಿಡಿಪಿ-101 ಅನ್ನುವ ಸಿಡಿ ಪ್ಲೇಯರಿನಲ್ಲಿ ಹಾಡು ಹಾಕಲು, ನಿಲ್ಲಿಸಲು, ಮುಂದಿನದಕ್ಕೆ ಹೋಗಲು ಬಟನ್ ಎಲ್ಲ ಮುಂದೆಯೇ ಇದ್ದವು. ಆಡಿಯೋ ಸಿಡಿಗೆ ಅಷ್ಟು ಸಾಕಿತ್ತು. 1996ರಲ್ಲಿ ಡಿವಿಡಿ ಬಂತು, ಜೊತೆಗೆ ಟಿವಿ ಮೇಲೆ ಮೆನು ಬಂತು, ಅದರಲ್ಲಿ ಓಡಾಡುವ ಬಾಣದ ಬಟನ್‌ಗಳು ಮಾತ್ರ ರಿಮೋಟಿಗೆ ಹೋದವು. ಮುಂಭಾಗದಲ್ಲಿ ನಾಲ್ಕು ಬಾಣ, ಒಂದು ಓಕೆ ಇಟ್ಟಿದ್ದರೆ ಎಷ್ಟೋ ಜನರ ಓಡಾಟ ಉಳಿಯುತ್ತಿತ್ತು. ಇದು ತಪ್ಪು ವಿನ್ಯಾಸ ಅಂತಲೇ ನನ್ನ ಅಭಿಪ್ರಾಯ.

ಯಾಕೆ ಇಷ್ಟು ಹೇಳುತ್ತೇನೆ ಅಂದರೆ, "ಸೌಂಡ್ ಬರುತ್ತೆ, ಚಿತ್ರ ಇಲ್ಲ" ಅಂತ ಬರುವ ಪ್ಲೇಯರ್‌ಗಳಲ್ಲಿ ಎಷ್ಟೋ ಕೆಟ್ಟೇ ಇರುವುದಿಲ್ಲ. ರಿಮೋಟಿನಲ್ಲಿ ಪಿ-ಸ್ಕ್ಯಾನ್ ಅಥವಾ ವಿ-ಮೋಡ್ ಅಂತ ಒಂದು ಬಟನ್ ಇರುತ್ತದೆ. ಮಕ್ಕಳು ಸುಮ್ನೆ ಒತ್ತಿರುತ್ತಾರೆ. ಆಗ ಚಿತ್ರ ಕೆಂಪು, ಹಸಿರು, ನೀಲಿಯ ಮೂರು ವೈರಿನ ದಾರಿಗೆ ತಿರುಗುತ್ತದೆ. ನಿಮ್ಮ ಮನೆಯಲ್ಲಿ ಚುಚ್ಚಿರುವುದು ಹಳದಿ ವೈರು. ಆ ಬಗೆಯ ಚಿತ್ರ ಹಳದಿ ವೈರಿನಲ್ಲಿ ಹೋಗುವುದೇ ಇಲ್ಲ, ಹಾಗಾಗಿ ಟಿವಿ ಕಪ್ಪು. ಪ್ಲಗ್ ಕಿತ್ತು ಹಾಕಿದರೂ ಸಾಮಾನ್ಯವಾಗಿ ಸರಿಹೋಗುವುದಿಲ್ಲ, ಯಾಕೆಂದರೆ ಆ ಸೆಟ್ಟಿಂಗ್ ಪ್ಲೇಯರಿನ ಮೆಮೊರಿಯಲ್ಲಿ ಉಳಿದಿರುತ್ತದೆ. ಡಿಸ್ಕ್ ತೆಗೆದು, ಅದೇ ಬಟನನ್ನು ಒಂದೊಂದೇ ಸಲ ಒತ್ತಿ, ಪ್ರತಿ ಸಲ ಐದಾರು ಸೆಕೆಂಡು ಕಾಯಿರಿ. ಎಲ್ಲ ಮಾಡೆಲ್‌ಗಳೂ ಒಂದೇ ಥರ ಇರುವುದಿಲ್ಲ. ಬೋರ್ಡೇ ಹೋಗಿರಲೂಬಹುದು. ಆದರೆ ಮೊದಲು ಇದನ್ನು ನೋಡದೆ ಬಿಚ್ಚಲು ನನಗೆ ಮನಸ್ಸಿಲ್ಲ.

ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ಯಜಮಾನರೊಬ್ಬರು ಶಿವಮೊಗ್ಗದ ನನ್ನ ಅಂಗಡಿಗೆ ಬಸ್ಸಿನಲ್ಲಿ ಬಂದಿದ್ದರು. ಮನೆಯವರು ಯಕ್ಷಗಾನದ ಡಿಸ್ಕ್ ನೋಡದೆ ತಿಂಗಳಾಯಿತಂತೆ. ರಿಮೋಟ್ ತಂದಿರಲಿಲ್ಲ. ಅಷ್ಟು ದೂರ ವಾಪಸ್ ಕಳಿಸಲು ನನಗೆ ಸಂಕಟವಾಯಿತು, ಮನೆಗೆ ಫೋನ್ ಮಾಡಿಸಿ ನೋಡಿದೆ, ಟಿವಿ ಇಲ್ಲಿ ಪ್ಲೇಯರ್ ಇಲ್ಲಿ, ರಿಮೋಟ್ ಅಲ್ಲಿ, ಏನು ಮಾಡಲಾಗುತ್ತದೆ? ಮುಂದಿನ ವಾರ ಮತ್ತೆ ಬಂದರು. ಎರಡು ಸಲ ಬಟನ್ ಒತ್ತಿದೆ, ಚಿತ್ರ ಬಂತು. "ಇಷ್ಟೇನಾ ಮಾರಾಯ್ರೆ?" ಅಂದರು. ದುಡ್ಡು ತೆಗೆದುಕೊಳ್ಳಲಿಲ್ಲ.

ರಿಮೋಟ್ ಕಳೆದಿದ್ದರೂ ಪ್ಲೇಯರ್ ಗುಜರಿಗೆ ಹಾಕಬೇಡಿ. ಇನ್‌ಫ್ರಾರೆಡ್ (ರಿಮೋಟ್ ಬಿಡುವ, ಕಣ್ಣಿಗೆ ಕಾಣದ ಬೆಳಕು) ಇರುವ ಮೊಬೈಲನ್ನೇ ರಿಮೋಟ್ ಮಾಡಿಕೊಳ್ಳಬಹುದು, ಕೆಲವು ಶಿಯೋಮಿ ಫೋನ್‌ಗಳಲ್ಲಿ ಅದಿದೆ. ರಿಮೋಟ್ ಇದ್ದೂ ಕೆಲಸ ಮಾಡದಿದ್ದರೆ ಮೊಬೈಲಿನ ಸೆಲ್ಫಿ ಕ್ಯಾಮೆರಾಗೆ ಹಿಡಿದು ಒತ್ತಿ ನೋಡಿ. ತುದಿಯ ಬಲ್ಬು ನೇರಳೆಯಾಗಿ ಮಿನುಗಿದರೆ ಸೆಲ್ಲು ಸರಿ ಇದೆ.