ಮೈಸೂರಿನ ಹೆಸರು ಹೊತ್ತ ಸೊಳ್ಳೆ

ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಯ ಮೊಟ್ಟೆ ನೋಡಲು ಪುಟ್ಟ ದೋಣಿಯ ಹಾಗಿರುತ್ತದೆ. ಎರಡೂ ಪಕ್ಕದಲ್ಲಿ ಗಾಳಿ ತುಂಬಿದ ತೇಲುಚೀಲ, ಅದರ ಮೇಲೆ ಸಾಲಾಗಿ ಸಣ್ಣ ಏಣುಗಳು, ಅಂದರೆ ಉಬ್ಬುಗೆರೆಗಳು. 1930ರ ದಶಕದಲ್ಲಿ ಮೈಸೂರು ಸಂಸ್ಥಾನದ ಮಲೇರಿಯಾ ಕೆಲಸದಲ್ಲಿದ್ದ ಡಬ್ಲ್ಯು.ಸಿ. ಸ್ವೀಟ್ ಮತ್ತು ಬಿ.ಎ. ರಾವ್ ಸೂಕ್ಷ್ಮದರ್ಶಕದ ಮುಂದೆ ಕೂತು ಆ ಏಣುಗಳನ್ನು ಎಣಿಸಿದರು. ಇದಕ್ಕಿಂತ ಬೇಜಾರಿನ ಕೆಲಸ ಇನ್ನೊಂದಿರಲಿಕ್ಕಿಲ್ಲ. ಆದರೆ ಲೆಕ್ಕ ಒಂದು ಗುಟ್ಟು ಬಿಟ್ಟುಕೊಟ್ಟಿತು. ಒಂದೇ ಜಾತಿ ಎಂದುಕೊಂಡಿದ್ದ ಅನಾಫಿಲಿಸ್ ಸ್ಟೀಫನ್ಸಿಯಲ್ಲಿ ಎರಡು ಬಗೆ ಇದ್ದವು. ಏಣು ಕಮ್ಮಿ ಇದ್ದ ಬಗೆಗೆ 1937ರಲ್ಲಿ ಅವರಿಟ್ಟ ಹೆಸರು ‘ಮೈಸೂರೆನ್ಸಿಸ್’.

ಏಣು ಹೆಚ್ಚಿರುವುದಕ್ಕೆ ‘ಟೈಪ್’ ಎಂಬ ಹೆಸರು ಉಳಿಯಿತು. 1987ರಲ್ಲಿ ಸರಳಾ ಸುಬ್ಬರಾವ್ ಮತ್ತು ಸಂಗಡಿಗರು ಇವೆರಡರ ನಡುವಿನ ಮೂರನೇ ಬಗೆಯನ್ನೂ ಗುರುತಿಸಿದರು. ಟೈಪ್ ಮೊಟ್ಟೆಯಲ್ಲಿ 14ರಿಂದ 22 ಏಣು, ನಡುವಿನದರಲ್ಲಿ 12ರಿಂದ 17, ಮೈಸೂರೆನ್ಸಿಸ್‌ನಲ್ಲಿ 9ರಿಂದ 15. ಅಂಕಿಗಳು ಒಂದರ ಮೇಲೊಂದು ಬೀಳುತ್ತವೆ, ಗಮನಿಸಿ. 15 ಏಣಿನ ಒಂದೇ ಮೊಟ್ಟೆ ಕೈಗೆ ಸಿಕ್ಕರೆ ಅದು ಯಾವುದು ಅಂತ ಹೇಳೋದು ಕಷ್ಟ. ಒಂದು ಸೊಳ್ಳೆ ಇಟ್ಟ ಅಷ್ಟೂ ಮೊಟ್ಟೆ ನೋಡಬೇಕು.

ಏಣು ಹೆಚ್ಚಾದರೇನು, ಕಮ್ಮಿಯಾದರೇನು? ಅದರ ಹಿಂದೆ ಸೊಳ್ಳೆಯ ಬದುಕೇ ಬೇರೆಯಾಗಿದೆ ಎಂಬುದು ಮುಖ್ಯ. ನಮ್ಮ ದೇಶದಲ್ಲಿ ಮೈಸೂರೆನ್ಸಿಸ್ ಹಳ್ಳಿಯದು. ಕೊಟ್ಟಿಗೆಯ ದನವೇ ಅದಕ್ಕೆ ಇಷ್ಟ, ಹಾಗಾಗಿ ಮಲೇರಿಯಾ ಹರಡುವುದರಲ್ಲಿ ಅದರ ಪಾಲು ತೀರಾ ಕಮ್ಮಿ. ಟೈಪ್ ಪಟ್ಟಣದ್ದು. ಮುಂಬೈನಲ್ಲಿ ಬಾವಿ, ತೊಟ್ಟಿಗಳೇ ಇದರ ತವರು ಎಂದು 1911ರಲ್ಲೇ ಸಿ.ಎ. ಬೆಂಟ್ಲಿ ವರದಿ ಬರೆದಿದ್ದರು. ಬಾವಿ ಹೋಗಿ ಸಂಪು, ಓವರ್‌ಹೆಡ್ ಟ್ಯಾಂಕ್ ಬಂದರೂ ಇದಕ್ಕೆ ತೊಂದರೆಯಾಗಲಿಲ್ಲ. ಕಟ್ಟಡ ಕಟ್ಟುವಲ್ಲಿ ಕಾಂಕ್ರೀಟಿನ ಕ್ಯೂರಿಂಗ್‌ಗೆ ನಿಲ್ಲಿಸಿದ ನೀರು ಸಿಕ್ಕಿದ್ದು ಲಾಭವೇ ಆಯಿತು. 1990ರ ದಶಕದಿಂದ ಮಂಗಳೂರಿಗೆ ಮಲೇರಿಯಾದ ಕಾಟ ಅಂಟಿಕೊಂಡಿದ್ದು ಹೀಗೇ. ಹಾಗಂತ ಮೈಸೂರೆನ್ಸಿಸ್ ಎಲ್ಲೆಡೆ ಸಾಧು ಅಂದುಕೊಳ್ಳುವ ಹಾಗಿಲ್ಲ. ಇರಾನಿನಲ್ಲಿ ಅದೂ ಮಲೇರಿಯಾ ಹರಡುತ್ತದೆ.

ಹಳ್ಳಿಗೊಂದು, ಪಟ್ಟಣಕ್ಕೊಂದು ಎಂಬ ಈ ವ್ಯತ್ಯಾಸ ವಂಶವಾಹಿಯಲ್ಲಿ ಎಲ್ಲಿ ಕೂತಿದೆ? ಇದಕ್ಕೆ ಸುಳಿವು ಕೊಟ್ಟವರು ಇಟಲಿಯ ಸೊಳ್ಳೆ ಸಂಶೋಧಕ ಮಾರಿಯೊ ಕೊಲುಝಿ. ಮಲ್ಲಿಗೆ, ಕನಕಾಂಬರ ಬೆರೆಸಿ ಕಟ್ಟಿದ ದಂಡೆಯ ನಡುವಿನ ಒಂದು ತುಂಡನ್ನು ಕತ್ತರಿಸಿ, ತಿರುಗಿಸಿ, ಅಲ್ಲೇ ಮತ್ತೆ ಗಂಟು ಹಾಕಿದರೆ ಹೇಗೆ? ಒಂದು ಹೂವೂ ಕಳೆಯುವುದಿಲ್ಲ, ಸಾಲು ಮಾತ್ರ ತಿರುಗಾಮುರುಗಾ. ಜೀನ್‌ಗಳನ್ನು ಸಾಲಾಗಿ ಹೊತ್ತ ಸೊಳ್ಳೆಯ ಕ್ರೋಮೋಸೋಮಿನಲ್ಲೂ ಹೀಗಾಗುತ್ತದೆ. ಜೋಡಿಯಲ್ಲಿ ಒಂದು ನೆಟ್ಟಗೆ, ಇನ್ನೊಂದು ತಿರುಗಿದ್ದಾದರೆ ಆ ಭಾಗದಲ್ಲಿ ಎರಡೂ ಸರಿಯಾಗಿ ಕೂಡಿಕೊಳ್ಳುವುದಿಲ್ಲ. ಅಲ್ಲಿರುವ ಜೀನ್‌ಗಳು ಚದುರದೆ ಒಂದೇ ಗುಂಪಾಗಿ ಮಕ್ಕಳಿಗೆ ಇಳಿಯುತ್ತವೆ. ಒಣ ಹವೆಗೆ ಒಗ್ಗುವ ಗುಣಗಳು ಆ ಗುಂಪಿನಲ್ಲಿದ್ದರೆ ಅವು ಒಟ್ಟಿಗೇ ಉಳಿಯುತ್ತವೆ. ಕೊಲುಝಿ ಮತ್ತು ಸಂಗಡಿಗರು 1970ರ ದಶಕದಲ್ಲಿ ನೈಜೀರಿಯಾದ ಅನಾಫಿಲಿಸ್ ಗ್ಯಾಂಬಿಯೆ ಗುಂಪಿನ ಸೊಳ್ಳೆಗಳಲ್ಲಿ ಇದನ್ನೇ ಕಂಡರು. ಕಾಡಿನ ಸೀಮೆಯಿಂದ ಒಣನೆಲದ ಕಡೆಗೆ ಹೋದಂತೆ ಇಂಥ ತಿರುವುಗಳ ಪ್ರಮಾಣ ಬದಲಾಗುತ್ತಿತ್ತು.

ಸ್ಟೀಫನ್ಸಿಯಲ್ಲೂ 2ಆರ್‌ಬಿ ಎಂಬ ತಿರುವು ಇದೆ. ಅದನ್ನು ಪಟ್ಟಣದ ಸೊಳ್ಳೆಗಳಲ್ಲಿ ಕಂಡವರು ಅದಕ್ಕೂ ನಗರದ ಬದುಕಿಗೂ ನಂಟು ಹಾಕಿದ್ದರು. ಆದರೆ 2016ರಲ್ಲಿ ಚೆನ್ನೈನ ಒಂದು ಕಟ್ಟಡದ ಕೆಲಸದ ಜಾಗದಿಂದ ಟೈಪ್ ಬಗೆಯ ಸೊಳ್ಳೆಗಳನ್ನು ತಂದು ಬೆಳೆಸಿದರು. ಬೆಂಗಳೂರಿನ ಸಂಶೋಧಕರು ಅವುಗಳ ಪೂರ್ತಿ ಜೀನೋಮ್ ಓದಿದಾಗ ಆ ತಿರುವೇ ಇರಲಿಲ್ಲ! ಜೋಡಿಯ ಎರಡೂ ನೆಟ್ಟಗಿದ್ದವು. 2022ರಲ್ಲಿ ಪ್ರಕಟವಾದ ಈ ಕೆಲಸ ನನಗೆ ಇಷ್ಟವಾಗುವುದು ಇದಕ್ಕೇ. ಒಂದು ತಿರುವಿನಿಂದ ಪಟ್ಟಣದ ಸೊಳ್ಳೆ ಹುಟ್ಟಿತು ಎಂಬ ಚೆಂದದ ಕಥೆಯನ್ನು ಸೊಳ್ಳೆಯೇ ಒಪ್ಪುವುದಿಲ್ಲ. ಮೂರು ಬಗೆಗಳು ಬೇರೆಬೇರೆ ಜಾತಿಗಳೇ ಎಂಬ ವಾದವೂ ಈಚೆಗೆ ಎದ್ದಿತ್ತು. ಅದಕ್ಕೆ ಭಾರತದ ಸಂಶೋಧಕರಿಂದಲೇ ತಕರಾರು ಬಂತು.

ಈ ಜಗಳ ಪ್ರಯೋಗಾಲಯದೊಳಗೇ ಉಳಿದಿದ್ದರೆ ನಾವ್ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ, ಅಲ್ವಾ? ಆದರೆ 2012ರಲ್ಲಿ ಸ್ಟೀಫನ್ಸಿ ಆಫ್ರಿಕಾದ ಜಿಬೂಟಿಯಲ್ಲಿ ಕಾಣಿಸಿಕೊಂಡಿತು. ಆ ವರ್ಷ ಅಲ್ಲಿ 27 ಮಲೇರಿಯಾ ಪ್ರಕರಣಗಳು ವರದಿಯಾಗಿದ್ದವು. 2020ರಲ್ಲಿ ಆ ಸಂಖ್ಯೆ 73,000 ದಾಟಿತು. 2016ರ ಹೊತ್ತಿಗೆ ಇಥಿಯೋಪಿಯಾದಲ್ಲೂ ಸೊಳ್ಳೆ ಸಿಕ್ಕಿತು. ಅದರ ಡಿಎನ್‌ಎಯನ್ನು ಹೋಲಿಸಿದಾಗ ಪಾಕಿಸ್ತಾನದ ಸೊಳ್ಳೆಗಳೇ ತೀರಾ ಹತ್ತಿರದ ನೆಂಟರಂತೆ ಕಂಡವು. ಸುಡಾನ್, ಸೊಮಾಲಿಯಾ, ನೈಜೀರಿಯಾ, ಕೆನ್ಯಾ, ಘಾನಾದಿಂದಲೂ ವರದಿ ಬಂದಿವೆ.

ಆಫ್ರಿಕಾದವರಿಗೆ ಮಲೇರಿಯಾ ಹೊಸದಲ್ಲ. ಆದರೆ ಅವರಿಗೆ ಗೊತ್ತಿದ್ದದ್ದು ಹೆಚ್ಚಾಗಿ ಹಳ್ಳಿಯ, ಮಳೆಗಾಲದ ಮಲೇರಿಯಾ. 2022ರಲ್ಲಿ ಇಥಿಯೋಪಿಯಾದ ಡಿರೆ ದಾವಾ ನಗರದಲ್ಲಿ ಜ್ವರ ಎದ್ದಿದ್ದು ಬೇಸಿಗೆಯ ಒಣ ದಿನಗಳಲ್ಲಿ. ಸುತ್ತ ಹಿಡಿದ ಸೊಳ್ಳೆಗಳಲ್ಲಿ ಬಹುಪಾಲು ಸ್ಟೀಫನ್ಸಿ. ಅದರ ಮರಿಹುಳುಗಳು ಆಡುತ್ತಿದ್ದದ್ದು ಮಳೆನೀರಿನ ಹೊಂಡದಲ್ಲಲ್ಲ, ಜನರೇ ತುಂಬಿಸಿಟ್ಟ ನೀರಿನಲ್ಲಿ.