ಸಿಗುರೊ ಅಂದರೆ ಖಂಡಿತ ಅಲ್ಲ: ಸೆಬುವಾನೊ ಭಾಷೆಯ ಸ್ಪ್ಯಾನಿಷ್ ಪದಗಳು

ಸ್ಪೇನಿನವರೊಬ್ಬರು ಫಿಲಿಪೀನ್ಸಿನ ಸೆಬು ನಗರಕ್ಕೆ ಬಂದು, ಬಾಡಿಗೆ ಗಾಡಿಯವನನ್ನು "ನಾಳೆ ಬೆಳಗ್ಗೆ ಬರ್ತೀಯೇನಪ್ಪಾ?" ಎಂದು ಕೇಳಿದರು ಅಂದುಕೊಳ್ಳಿ. ಅವನು "ಸಿಗುರೊ" ಅಂದ. ಸ್ಪ್ಯಾನಿಷ್‌ನಲ್ಲಿ "ಸೆಗುರೊ" ಅಂದರೆ ಖಚಿತ. ಅತಿಥಿ ನೆಮ್ಮದಿಯಾಗಿ ಮಲಗಿದರು. ಬೆಳಗ್ಗೆ ಗಾಡಿಯ ಸುಳಿವಿಲ್ಲ. ಗಾಡಿಯವನು ಮಾತಿಗೆ ತಪ್ಪಿದನೇ? ಇಲ್ಲ. ಅವನ ಭಾಷೆಯಲ್ಲಿ ಸಿಗುರೊ ಅಂದರೆ "ಬಂದರೂ ಬಂದೆ" ಅಂತಷ್ಟೆ.

ಖಚಿತ ಎಂಬ ಅರ್ಥದ ಪದ "ಬಹುಶಃ" ಆಗಿಹೋದದ್ದು ವಿಚಿತ್ರ ಅನ್ನಿಸಿದರೆ ಆ "ಬಹುಶಃ"ವನ್ನೇ ಒಮ್ಮೆ ನೋಡಿ. ಸಂಸ್ಕೃತದಲ್ಲಿ ಅದಕ್ಕೆ ಹಲವು ಬಾರಿ, ಹಲವು ಬಗೆಯಲ್ಲಿ ಎಂಬ ಅರ್ಥ. ಅನುಮಾನದ ಸೋಂಕೂ ಅದಕ್ಕಿರಲಿಲ್ಲ. "ಖಂಡಿತ" ಅಂತೂ ಅಲ್ಲಿ ತುಂಡಾದದ್ದು, ಮುರಿದದ್ದು. ನಾವು ಎರಡನ್ನೂ ತಂದುಕೊಂಡು ನಮಗೆ ಬೇಕಾದ ಕೆಲಸಕ್ಕೆ ಹಚ್ಚಿದೆವು. ಸಿಗುರೊ ಹಿಡಿದ ದಾರಿಯೂ ಊಹೆಗೆ ನಿಲುಕದ್ದಲ್ಲ. "ಅವನು ಖಂಡಿತ ಮನೆ ಸೇರಿರ್ತಾನೆ" ಎಂದು ನಾವು ಯಾವಾಗ ಹೇಳುತ್ತೇವೆ? ಅವನು ಮನೆ ಸೇರಿದ್ದನ್ನು ಕಣ್ಣಾರೆ ನೋಡಿಲ್ಲದಾಗ. ನೋಡಿದ್ದರೆ "ಸೇರಿದ" ಅಂದರೆ ಮುಗಿಯಿತು. ಒತ್ತಿ ಹೇಳುವ ಖಚಿತತೆಯ ಒಳಗೇ ಒಂದು ಊಹೆ ಕೂತಿರುತ್ತದೆ. ಸ್ಪ್ಯಾನಿಷ್ ಮಾತಿನಲ್ಲೂ ಸೆಗುರೊಗೆ ಆ ಛಾಯೆ ಇದೆ. ಸೆಬುವಾನೊ ಆ ಊಹೆಯನ್ನು ಇಟ್ಟುಕೊಂಡು ಖಚಿತತೆಯನ್ನು ಬಿಟ್ಟಿತು.

ಪೂರ್ತಿ ಬಿಡಲಿಲ್ಲ ಅನ್ನುವುದು ಇನ್ನೂ ಸೊಗಸು. "ಸಿಗುರಾದೊ" ಅಂದರೆ ಇಂದಿಗೂ ಗ್ಯಾರಂಟಿ. "ಸಿಗುರೊ"ಗೆ ಸೆಬುವಾನೊದ ಆಜ್ಞಾರ್ಥಕ ಪ್ರತ್ಯಯ ಸೇರಿಸಿ "ಸಿಗುರೊಹಾ" ಅಂದರೆ "ಖಾತ್ರಿ ಮಾಡಿಕೋ". ಒಂಟಿಯಾಗಿ ನಿಂತಾಗ ಅನುಮಾನ, ಪ್ರತ್ಯಯ ತೊಟ್ಟಾಗ ಖಾತ್ರಿ. ಅಂದಮೇಲೆ ಈ ಪದದ ಅರ್ಥವನ್ನು ಮ್ಯಾಡ್ರಿಡ್‌ನ ನಿಘಂಟಿನಲ್ಲಿ ಹುಡುಕಿ ಪ್ರಯೋಜನವಿಲ್ಲ. ಅದು ಸೆಬುವಾನೊ ವಾಕ್ಯದೊಳಗೆ ಹುಟ್ಟಿದ ಅರ್ಥ.

ಸೆಬುವಾನೊ ಎಂಬುದು ಸೆಬು, ಬೊಹೊಲ್, ನೆಗ್ರೊಸ್‌ನ ಪೂರ್ವ ಭಾಗ, ಲೇಯ್ಟೆಯ ಪಶ್ಚಿಮ ಭಾಗ ಮತ್ತು ಮಿಂಡನಾವೊ ದ್ವೀಪದ ಬಹುಪಾಲು ಜನರ ಮಾತು. ಆಡುವವರು ಅದನ್ನು ಹೆಚ್ಚಾಗಿ ಬಿಸಾಯಾ ಅನ್ನುತ್ತಾರೆ. ವೈದ್ಯಕೀಯ ಓದಲು ಮಿಂಡನಾವೊದ ದವಾವೊ ನಗರಕ್ಕೆ ಹೋದ ಭಾರತದ ವಿದ್ಯಾರ್ಥಿಗಳ ಕಿವಿಗೆ ಬೀದಿಯಲ್ಲಿ ಬೀಳುವುದೂ ಇದೇ. 1521ರ ಏಪ್ರಿಲ್‌ನಲ್ಲಿ ಸ್ಪೇನಿನ ಹಡಗುಗಳ ನಾಯಕ ಮೆಗೆಲನ್ ಸೆಬು ಮುಟ್ಟಿದ. ಅದೇ ತಿಂಗಳ 27ರಂದು ಪಕ್ಕದ ಮಕ್ತಾನ್ ದ್ವೀಪದಲ್ಲಿ ಅಲ್ಲಿನ ನಾಯಕ ಲಾಪುಲಾಪುವಿನ ಕಡೆಯವರ ಕೈಯಲ್ಲಿ ಸತ್ತ. ಜೊತೆಗಿದ್ದ, ಪ್ರಯಾಣದ ಕಥೆ ಬರೆದಿಟ್ಟ ಇಟಲಿಯವ ಪಿಗಾಫೆಟ್ಟಾ ಬದುಕುಳಿದು ಊರಿಗೆ ಮರಳಿದ. ಅವನು ಇಲ್ಲಿ ಕೇಳಿ ಬರೆದುಕೊಂಡಿದ್ದ ನೂರಕ್ಕೂ ಹೆಚ್ಚು ಸ್ಥಳೀಯ ಪದಗಳು ಹಾಗಾಗಿ ಉಳಿದವು. ಸ್ಪೇನಿನವರು ನೆಲೆಯೂರಿದ್ದು 1565ರಲ್ಲಿ, ದಂಡನಾಯಕ ಲೆಗಾಸ್ಪಿ ಬಂದ ಮೇಲೆ. ಹೊರಟದ್ದು 1898ರಲ್ಲಿ.

ಮುನ್ನೂರು ಚಿಲ್ಲರೆ ವರ್ಷ ಆಳಿದರೂ ಅವರು ಜನಕ್ಕೆಲ್ಲ ಸ್ಪ್ಯಾನಿಷ್ ಕಲಿಸಲಿಲ್ಲ. ಪಾದ್ರಿಗಳೇ ಊರಿನ ಭಾಷೆ ಕಲಿತು ಉಪದೇಶ ಮಾಡಿದರು. ಸ್ಪ್ಯಾನಿಷ್ ಸರಾಗವಾಗಿ ಬಲ್ಲವರು ಯಾವ ಕಾಲಕ್ಕೂ ಬೆರಳೆಣಿಕೆಯವರು. ಪದಗಳು ಮಾತ್ರ ಚರ್ಚು, ಸಂತೆ, ಕಚೇರಿ, ಅಡುಗೆಮನೆಗಳ ಮೂಲಕ ಎಲ್ಲ ಕಡೆ ಹರಡಿದವು. "ಹಾಗಲ್ಲ, ಹೀಗೆ" ಎಂದು ತಿದ್ದಲು ಸ್ಪ್ಯಾನಿಷ್ ಬಲ್ಲವರು ಬೀದಿಯಲ್ಲಿರಲಿಲ್ಲ. ಅವುಗಳ ಅರ್ಥ ಇಷ್ಟು ಧಾರಾಳವಾಗಿ ಅಡ್ಡಾಡಿದ್ದಕ್ಕೆ ನನಗೆ ಕಾಣುವ ದೊಡ್ಡ ಕಾರಣ ಇದು.

ಮೊದಲು ಬದಲಾದದ್ದು ಉಚ್ಚಾರಣೆ. ಫಕಾರವಿಲ್ಲದ ಬಾಯಲ್ಲಿ ಅದು ಪಕಾರವಾಯಿತು. ಹಳೆಯ ಸೆಬುವಾನೊದಲ್ಲಿ ಇದ್ದದ್ದು ಅ, ಇ, ಉ ಮೂರೇ ಸ್ವರ. ಆದ್ದರಿಂದ "ಎಸ್ಕ್ವೇಲಾ" ಎಂಬ ಶಾಲೆ "ಇಸ್ಕ್ವೇಲಾ" ಆಯಿತು. "ಪಾದ್ರೆ" ಸವೆದು "ಪಾರಿ" ಆಯಿತು. ಪೋರ್ಚುಗೀಸರಿಂದ ಅದೇ ಪದ ಪಡೆದ ನಾವು ಪಾದ್ರಿ ಎಂದು ದಕಾರ ಉಳಿಸಿಕೊಂಡೆವು. ಬೀಗದ ಕೈಗೆ ಅವರು "ಯಾವೆ" ಅನ್ನುತ್ತಾರೆ, ಸ್ಪ್ಯಾನಿಷ್‌ನಿಂದ. ನಮ್ಮ "ಚಾವಿ" ಪೋರ್ಚುಗೀಸಿನಿಂದ ಬಂದದ್ದು. ಎರಡಕ್ಕೂ ಲ್ಯಾಟಿನ್ನಿನ ಒಂದೇ ಅಜ್ಜಿ.

ಕೆಲವು ಪದಗಳ ಮೈಮೇಲೆ ಬಂದ ಕಾಲದ ಗುರುತೂ ಇದೆ. ಸ್ಪ್ಯಾನಿಷ್‌ನಲ್ಲಿ ಈಗ ಗಂಟಲಿನಿಂದ ಬರುವ ಹಕಾರ ಹಿಂದೆ ಶಕಾರವಾಗಿತ್ತು. ಆ ಕಾಲದಲ್ಲಿ ಬಂದ "ಶಬೊನ್" ಇಲ್ಲಿ "ಸಬೊನ್" ಆಗಿ ನಿಂತಿದೆ. ನಮ್ಮ ಸಾಬೂನಿನ ದೂರದ ನೆಂಟ. ಆಟವಾಡು ಎಂಬರ್ಥದ "ಶುಗಾರ್" ಇಲ್ಲಿ "ಸುಗಲ್" ಆಗಿ ಜೂಜಾಯಿತು. ಸ್ಪ್ಯಾನಿಷ್‌ನವರ ಉಚ್ಚಾರ ಬದಲಾದ ಮೇಲೆ ಬಂದ ನ್ಯಾಯಾಧೀಶ "ಹುವೆಸ್", ಹೂದೋಟ "ಹಾರ್ದಿನ್". ಸ್ಪೇನಿನಲ್ಲಿ ಒಂದೇ ಅಕ್ಷರದಿಂದ ಶುರುವಾಗುವ ಈ ನಾಲ್ಕೂ ಪದಗಳು ಸೆಬುವಿನಲ್ಲಿ ಎರಡು ತಲೆಮಾರಿನವಾಗಿ ಬೇರೆಬೇರೆ ನಿಂತಿವೆ.

ನನಗೆ ಅತಿ ಹೆಚ್ಚು ಇಷ್ಟವಾಗುವುದು ವ್ಯಾಕರಣ ಈ ಪದಗಳನ್ನು ನುಂಗಿದ ರೀತಿ. ಸೆಬುವಾನೊದಲ್ಲಿ ಧಾತುವಿಗೆ ಹಿಂದೆ ಮುಂದೆ ಪ್ರತ್ಯಯ ಅಂಟಿಸಿ ಪದ ಕಟ್ಟುತ್ತಾರೆ. "ಸಿಂಬಾ" ಅಂದರೆ ಪೂಜಿಸು, "ಸಿಂಬಾಹನ್" ಅಂದರೆ ಪೂಜಿಸುವ ಸ್ಥಳ, ಚರ್ಚು. ಈ ಅಚ್ಚಿನೊಳಕ್ಕೆ ಇಸ್ಕ್ವೇಲಾ ಬಿತ್ತು. ಮೂಲದಲ್ಲಿ ಅದೇ ಒಂದು ಸ್ಥಳದ ಹೆಸರು. ಇಲ್ಲಿಯವರು ಅದನ್ನು ಕ್ರಿಯೆಯೆಂದು ಕೇಳಿಸಿಕೊಂಡರು. "ನಗ್-ಇಸ್ಕ್ವೇಲಾ" ಅಂದರೆ ಓದುತ್ತಿದ್ದಾಳೆ, ಶಾಲೆಗೆ ಹೋಗುತ್ತಿದ್ದಾಳೆ. ಶಾಲೆಯ ಕಟ್ಟಡ ಬೇಕೆಂದರೆ ಮತ್ತೆ ಸ್ಥಳದ ಪ್ರತ್ಯಯ ಸೇರಿಸಿ "ಇಸ್ಕ್ವೆಲಾಹನ್" ಅನ್ನಬೇಕು. ಅಂಗಡಿ ಎಂಬರ್ಥದ "ತಿಯೆಂದಾ"ಗೂ ಇದೇ ಗತಿ: "ತಿಂದಾ" ಮಾರುವ ಸರಕಾಯಿತು, ಅಂಗಡಿ "ತಿಂದಾಹನ್" ಆಯಿತು.

ಮದುವೆಯಾಗು ಎಂಬ "ಕಸಾರ್" ಇಲ್ಲಿ "ಕಸಲ್", ಮದುವೆ. ಮದುವೆಗೆ ಸಿದ್ಧವಾಗಿರುವ ಜೋಡಿಯನ್ನು "ಕಸ್ಲೊನೊನ್" ಅನ್ನುತ್ತಾರೆ. ನಡುವಿನ ಅಕಾರ ಎಲ್ಲಿ ಹೋಯಿತು? ಸೆಬುವಾನೊದ ಸ್ವಂತ ಪದಗಳಲ್ಲೂ ಹೀಗೆ ಸ್ವರ ಬಿದ್ದುಹೋಗುತ್ತದೆ: "ದಕೊಪ್" ಅಂದರೆ ಹಿಡಿ, "ದಕ್ಪೊನ್" ಅಂದರೆ ಹಿಡಿಯಬೇಕಾದದ್ದು. ಕಸ್ಲೊನೊನ್ ಕೇಳಿದ ಸ್ಪೇನಿನವರಿಗೆ ಅದರಲ್ಲಿ ತಮ್ಮ ಪದವಿದೆ ಎಂಬ ಗುಮಾನಿಯೂ ಬರಲಾರದು.

"ಕೊಮೊ ಎಸ್ತಾ", ಹೇಗಿದ್ದೀರಿ ಎಂಬ ಇಡೀ ಪ್ರಶ್ನೆಯೇ "ಕುಮುಸ್ತಾ" ಎಂಬ ಒಂದು ಧಾತುವಾಯಿತು. "ಕುಹಾ" (ತೆಗೆದುಕೋ) ಪದಕ್ಕೆ ಪೂರ್ವಪ್ರತ್ಯಯ ಹತ್ತಿದರೆ ಕಕಾರ ಅನುನಾಸಿಕದಲ್ಲಿ ಕರಗಿ "ಮಂಗುಹಾ" ಆಗುತ್ತದೆ. ಅದೇ ಸಂಧಿಯಲ್ಲಿ ಕುಮುಸ್ತಾ "ಮಂಗುಮುಸ್ತಾ" ಆಗುತ್ತದೆ, ಕ್ಷೇಮ ವಿಚಾರಿಸು ಎಂದು. ನಾವು ಫೋನನ್ನು "ಫೋನಾಯಿಸು" ಮಾಡಿದ ಹಾಗೆ. ಅವರದು ಇನ್ನೂ ಒಂದು ಕೈ ಮೇಲು. ಸಾಲದ ಪದದ ಮೊದಲ ಅಕ್ಷರವನ್ನೇ ಅಳಿಸಿದ್ದಾರೆ.

ಆಸೆ, ಹಸಿವು ಎಂಬರ್ಥದ "ಗಾನಾ"ಗೆ ಪ್ರತ್ಯಯ ಹತ್ತಿ "ಗನಾಹನ್" ಆಯಿತು. "ಗನಾಹನ್ ಕೊ ನಿಮೊ" ಅಂದರೆ ನೀನು ನನಗೆ ಇಷ್ಟ. ಹುಡುಗ ಹುಡುಗಿಯರು ಮೊದಲ ಬಾರಿ ಬಾಯಿಬಿಡುವಾಗ ಆಡುವ ಈ ಅಚ್ಚ ಬಿಸಾಯಾ ಮಾತಿನ ಬೇರು ಸ್ಪ್ಯಾನಿಷ್ ಊಟದ ಮೇಜಿನ ಬಳಿ ಇದೆ.

ಇನ್ನು ಅರ್ಥಗಳ ಸ್ಥಾನಪಲ್ಲಟ. ಸ್ಪ್ಯಾನಿಷ್‌ನ "ಸಿಯೆಂಪ್ರೆ" ಅಂದರೆ ಯಾವಾಗಲೂ. ಸೆಬುವಾನೊದ "ಸಿಯೆಂಪ್ರೆ" ಅಂದರೆ "ಮತ್ತಿನ್ನೇನು, ಅಲ್ಲವೇ ಮತ್ತೆ". ಹಾಗಾದರೆ ಯಾವಾಗಲೂ ಅನ್ನಲು? "ಪಿರ್ಮಿ". ಅದರ ಮೂಲ "ಫಿರ್ಮೆ", ಗಟ್ಟಿ, ಅಲುಗದ್ದು. ಅದೇ ಮನೆತನದ "ಫಿರ್ಮಾ" ಇಲ್ಲಿ "ಪಿರ್ಮಾ" ಆಗಿ ಸಹಿ ಎಂಬ ಅರ್ಥದಲ್ಲೇ ಉಳಿದಿದೆ. ಒಂದು ಇಕಾರದ ವ್ಯತ್ಯಾಸದಲ್ಲಿ ಸಹಿಯೂ ಸದಾಕಾಲವೂ. "ಕನುನಾಯ್" ಎಂಬ ಸ್ವಂತ ಪದ ಹೋಗಿಲ್ಲ, ಸ್ವಲ್ಪ ಗಂಭೀರ ಮಾತಿಗೆ ಮೀಸಲಾಗಿದೆ. "ಮುಂದುವರಿ" ಎಂಬ "ಸಿಗೆ" ಎರಡು ಕೆಲಸ ಹಿಡಿಯಿತು: ಒಂಟಿಯಾಗಿ ಬಂದರೆ "ಸರಿ, ಆಯ್ತು", ವಾಕ್ಯದೊಳಗೆ ಬಂದರೆ ಬಿಡದೆ ಮಾಡುವುದು. "ಸಿಗೆ ಸಿಯಾಗ್ ಹಿಲಾಕ್" ಅಂದರೆ ಅವಳು ಅಳುತ್ತಲೇ ಇದ್ದಾಳೆ.

"ಬಿದಾ" ಮೂಲದಲ್ಲಿ ಜೀವನ, ಇಲ್ಲಿ ಕಥಾನಾಯಕ. ಅವನ ಎದುರಾಳಿ ಖಳ "ಕೊಂತ್ರಾಬಿದಾ". "ದೆಲಿಕಾದೊ" ಅಲ್ಲಿ ನಾಜೂಕು, ಇಲ್ಲಿ ಅಪಾಯ. ನಾಜೂಕಾದದ್ದನ್ನು ಮುಟ್ಟಲು ಹೆದರಿಕೆ ತಾನೇ. "ಪಿಲೊಸೊಪೊ" ತತ್ವಜ್ಞಾನಿಯಲ್ಲ, ಎಲ್ಲದಕ್ಕೂ ಅಡ್ಡಮಾತಾಡುವ ಅಧಿಕಪ್ರಸಂಗಿ. ಹಳೆಯ ನಾಣ್ಯವೊಂದರ ಹೆಸರಾಗಿದ್ದ "ಕ್ವಾರ್ತಾ" ಈಗ ಒಟ್ಟು ದುಡ್ಡಿಗೇ ಹೆಸರು. ಇವನ್ನೆಲ್ಲ ಕೆಟ್ಟ ಸ್ಪ್ಯಾನಿಷ್ ಅನ್ನುವವರಿದ್ದಾರೆ. ಒಳ್ಳೆಯ ಸೆಬುವಾನೊವನ್ನು ಕೆಟ್ಟ ಸ್ಪ್ಯಾನಿಷ್ ಅನ್ನುವುದು, "ಖಂಡಿತ ಬರ್ತೀನಿ" ಅಂದವನಿಗೆ ಸಂಸ್ಕೃತ ಪಾಠ ಮಾಡಿದಂತೆ.

ವ್ಯಾಕರಣದ ಚೂರುಪಾರೂ ಪದಕ್ಕೆ ಅಂಟಿಕೊಂಡು ಬಂದಿವೆ. "ಲಾ ಮೇಸಾ" ಎಂಬ ಮೇಜು ಉಪಪದದ ಸಮೇತ "ಲಮೇಸಾ". ಮೂರು ಗಂಟೆಗೆ ಎಂಬ "ಆ ಲಾಸ್ ತ್ರೆಸ್" ಬರೀ ಮೂರು ಗಂಟೆಯಾಗಿ "ಅಲಾಸ್ ತ್ರೆಸ್" ಆಯಿತು. ಅದಕ್ಕೆ ತಮ್ಮದೇ "ಸಾ" ಸೇರಿಸಿ "ಸಾ ಅಲಾಸ್ ತ್ರೆಸ್" ಅಂದರೆ "ಗಂಟೆಗೆಗೆ" ಎಂದಂತೆ. ಸಂತೆಯಲ್ಲಿ ರಾಶಿಯಾಗಿ, ಜೋಡಿಯಾಗಿ ಸಿಗುವ ವಸ್ತುಗಳು ಬಹುವಚನದಲ್ಲೇ ಬಂದವು: ಬೂಟು ಒಂದೇ ಇದ್ದರೂ ಸಪಾತೊಸ್, ಒಂದು ಸೇಬೂ ಮನ್ಸಾನಸ್. ಹೆಚ್ಚಿಗೆ ಬೇಕಾದರೆ "ಮಙಾ ಮನ್ಸಾನಸ್". ನಮ್ಮ "ಚಿಪ್ಸ್‌ಗಳು" ನೆನಪಾದರೆ ತಪ್ಪಿಲ್ಲ.

ಇದೇ ಸಾಲಿನಲ್ಲಿ ಬಂದದ್ದು ಈರುಳ್ಳಿ, "ಸೆಬೊಯಾಸ್". ಇಲ್ಲಿ "ಸಿಬುಯಾಸ್" ಆಯಿತು, ಆದರೆ ಆ ಹೆಸರು ಎಲೆಯ ಈರುಳ್ಳಿಗೂ ಹರಡಿತು. ದಪ್ಪ ಗಡ್ಡೆಯದನ್ನು ಬೇರೆಯಾಗಿ ಹೇಳಲು ಒಂದು ವಿಶೇಷಣ ಬೇಕಾಯಿತು, "ಸಿಬುಯಾಸ್ ಬೊಂಬಾಯ್". ದಿನದ ಮಾತಿನಲ್ಲಿ ಸ್ಪ್ಯಾನಿಷ್ ಭಾಗ ಉದುರಿಹೋಗಿ, ಸೆಬುವಿನ ತರಕಾರಿ ಅಂಗಡಿಯಲ್ಲಿ ಈಗ ಈರುಳ್ಳಿಯ ಹೆಸರು ಬರೀ ಬೊಂಬಾಯ್.